ತ ಎಂದರೆ ತಲೆ

ಮರದ ತುಂಡೊಂದನ್ನು ಎದುರಿಗಿಟ್ಟು, ‘ಇದರ ತಲೆ ಯಾವ ಕಡೆ, ಬುಡ ಯಾವ ಕಡೆ?’ ಎಂದು ಕೇಳಿದರೆ ನೂರಕ್ಕೆ ತೊಂಬತ್ತೊಂಬತ್ತು ಜನ ಕೇಳಿದವರ ತಲೆಯನ್ನೇ ಅನುಮಾನಿಸುತ್ತಾರೆ. ನಾನೂ ಅನುಮಾನಿಸಿದ್ದೆ. ಕೊಯ್ದು, ಹತ್ತರಿ ಹೊಡೆದು ನುಣುಪು ಮಾಡಿದ ತುಂಡಿಗೆ ಎರಡು ತುದಿ ಇರುತ್ತವೆಯೇ ಹೊರತು ತಲೆ, ಬುಡ ಎಲ್ಲಿಂದ ಬರಬೇಕು? ಇಂಥ ತಲೆಬುಡವಿಲ್ಲದ ಪ್ರಶ್ನೆ ಕೇಳಿಕೊಂಡು, ಅದಕ್ಕೆ ತಾವೇ ಉತ್ತರ ಹೇಳಿ, ಆ ಉತ್ತರಕ್ಕಾಗಿ ಮೂವತ್ತು ವರ್ಷ ಸಂಬಳ ತೆಗೆದುಕೊಂಡವರು ನಮ್ಮ ಬುಡದಣ್ಣ. ಹೋದ ತಿಂಗಳು ತೀರಿಕೊಂಡರು. ಎಪ್ಪತ್ತಮೂರು ವರ್ಷವಾಗಿತ್ತು. ಪೇಪರಿನಲ್ಲಿ ಫೋಟೋ ಬರುವಂಥ ಮನುಷ್ಯರಲ್ಲ, ಹಾಗಾಗಿ ನಾನು ಬರೆಯುತ್ತಿದ್ದೇನೆ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಹಾಜರಿ ಪುಸ್ತಕ ಬಿಟ್ಟರೆ ಅದು ಇನ್ನೆಲ್ಲೂ ಕಾಣುತ್ತಿರಲಿಲ್ಲ. ಅವರ ಹೆಂಡತಿಗೂ ಗಂಡನ ಹೆಸರು ಕೇಳಿದರೆ ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು ಎಂದು ನಾವು ತಮಾಷೆ ಮಾಡುತ್ತಿದ್ದೆವು.

ನಮ್ಮ ಕಂಪನಿ ಮರದ ಮನೆಗಳನ್ನು ಕಟ್ಟುತ್ತಿತ್ತು. ಒಂದರಂತೆ ಇನ್ನೊಂದಲ್ಲ. ಕಂಪನಿಯ ಯಜಮಾನರಿಗೆ ಕಿವಿಯ ಹಿಂದೆ ಪೆನ್ಸಿಲ್ ಇಲ್ಲದಿದ್ದರೆ ಕಿವಿಯೇ ಕೇಳಿಸದು ಅನ್ನುವಷ್ಟು ಅಭ್ಯಾಸ; ಎಲ್ಲರೂ ಪೆನ್ಸಿಲ್ ಸಾರ್ ಅನ್ನುತ್ತಿದ್ದೆವು. ಮನೆ ಕಟ್ಟಿಸಲು ಬಂದವರಿಗೆ ಅವರು ಮೊದಲು ನಕ್ಷೆ ತೋರಿಸುತ್ತಿರಲಿಲ್ಲ. ಬಂದವರು ಆಗ ವಾಸವಿದ್ದ ಮನೆಗೇ ಹೋಗಿ ಇಡೀ ದಿನ ಒಂದು ಮೂಲೆಯಲ್ಲಿ ಕೂತಿರುತ್ತಿದ್ದರು. ಯಾರು ಎಲ್ಲಿ ಚಪ್ಪಲಿ ಬಿಡುತ್ತಾರೆ, ಯಾರು ಯಾವ ಕಿಟಕಿಗೆ ಬೆನ್ನು ಹಾಕಿ ಪೇಪರ್ ಓದುತ್ತಾರೆ, ಅಜ್ಜಿಗೆ ಮೇಲಿನ ಕಪಾಟು ಎಟಕುತ್ತದೋ ಇಲ್ಲವೋ, ಎಲ್ಲ ನೋಡಿಕೊಂಡು ಬಂದು ಆಮೇಲೆ ಗೆರೆ ಎಳೆಯುತ್ತಿದ್ದರು. ಆ ಗೆರೆಗಳನ್ನು ನೀಟಾಗಿ ದೊಡ್ಡ ಹಾಳೆಗೆ ಇಳಿಸುವ ಕೆಲಸ ನನ್ನದು. ನಕ್ಷೆಯ ಮೇಲಿನ ಬರಹವೆಲ್ಲ ನಮ್ಮ ಭಾಷೆಯಲ್ಲೇ ಇರಬೇಕು ಎಂಬುದು ಸಾರ್ ಹಾಕಿದ್ದ ಕಟ್ಟಳೆ. ಕೆಳಗಿನವರು ಓದಲಾಗದ ನಕ್ಷೆ ನಕ್ಷೆಯೇ ಅಲ್ಲ ಅನ್ನುತ್ತಿದ್ದರು.

‘ಕೆಳಗಿನವರು’ ಅಂದರೆ ನಿಜಕ್ಕೂ ಕೆಳಗಿನವರು. ಮೇಲೆ ಮಹಡಿಯಲ್ಲಿ ನಾವು, ಓರೆ ಮೇಜುಗಳು, ಸ್ಕೇಲು, ರಬ್ಬರಿನ ಪುಡಿ. ಕೆಳಗೆ ಯಾರ್ಡು, ಗರಗಸದ ಸದ್ದು, ಮರದ ಹೊಟ್ಟು, ಬಡಗಿಗಳು. ನಡುವೆ ಹದಿನಾಲ್ಕು ಮೆಟ್ಟಿಲು. ಆ ಹೊಟ್ಟಿನ ವಾಸನೆ ಮೆಟ್ಟಿಲು ಹತ್ತಿ ಬಂದು ನಮ್ಮ ಹಾಳೆಗಳಲ್ಲೂ ಕೂತಿರುತ್ತಿತ್ತು. ಈಗಲೂ ಎಲ್ಲಾದರೂ ಮರ ಕೊಯ್ಯುವ ಅಂಗಡಿಯ ಮುಂದೆ ಹಾದರೆ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ.

ಬುಡದಣ್ಣ ಗರಗಸ ಹಿಡಿಯುತ್ತಿರಲಿಲ್ಲ, ಉಳಿ ಮುಟ್ಟುತ್ತಿರಲಿಲ್ಲ. ಅವರ ಕೈಯಲ್ಲಿ ಇರುತ್ತಿದ್ದದ್ದು ಒಂದು ಸೀಮೆಸುಣ್ಣದ ಕಡ್ಡಿ. ಅವರ ಅಂಗಿಗಳ ಎಡಜೇಬೆಲ್ಲ ಬೆಳ್ಳಗೆ. “ಸೀಮೆಸುಣ್ಣ ಹಿಡಿದು ಸಂಬಳ ತಗೊಳ್ಳೋರು ಇಬ್ರೇ. ಒಂದು ಸ್ಕೂಲ್ ಮೇಷ್ಟ್ರು, ಇನ್ನೊಂದು ನಮ್ಮ ಬುಡದಣ್ಣ. ಮೇಷ್ಟ್ರಿಗಾದ್ರೂ ಮಕ್ಕಳು ಎದುರು ಮಾತಾಡ್ತವೆ, ಇವನ ಮರ ಅದೂ ಮಾಡಲ್ಲ,” ಎಂದು ಬಡಗಿಗಳ ಮುಖ್ಯಸ್ಥ ಮೇಸ್ತ್ರಿ ರೇಗಿಸುತ್ತಿದ್ದರು.

ಆದರೆ ಆ ಕಡ್ಡಿ ಓಡಾಡದೆ ಯಾರ್ಡಿನಲ್ಲಿ ಒಂದು ಕಂಬಕ್ಕೂ ಉಳಿ ಬೀಳುತ್ತಿರಲಿಲ್ಲ. ಮರ ನೆಲದಲ್ಲಿ ಹೇಗೆ ನಿಂತಿತ್ತೋ ಕಂಬವೂ ಮನೆಯಲ್ಲಿ ಹಾಗೇ ನಿಲ್ಲಬೇಕು, ಬುಡ ಕೆಳಗೆ, ತಲೆ ಮೇಲೆ. ಇದು ಹಳೆಯ ಬಡಗಿಗಳ ನೇಮ. ಪೆನ್ಸಿಲ್ ಸಾರ್ ಅದನ್ನು ಮನೆ ಕಟ್ಟಿಸುವವರಿಗೆ ಕೊಡುವ ಕಾಗದದ ಕೊನೆಯ ಸಾಲಾಗಿ ಬರೆಸಿದ್ದರು: ‘ಈ ಮನೆಯ ಒಂದು ಕಂಬವೂ ತಲೆಕೆಳಗಾಗಿ ನಿಂತಿರುವುದಿಲ್ಲ.’ ಕೆಲವರು ಓದಿ ನಗುತ್ತಿದ್ದರು, ಕೆಲವರು ಆ ಸಾಲಿಗೇ ಮರುಳಾಗಿ ಸಹಿ ಹಾಕುತ್ತಿದ್ದರು. ಆ ಸಾಲನ್ನು ನಿಜ ಮಾಡುವ ಜವಾಬ್ದಾರಿ ಬುಡದಣ್ಣನದು. ನಾನು ಸೇರುವ ಹೊತ್ತಿಗೆ ಇಪ್ಪತ್ತನಾಲ್ಕು ವರ್ಷವಾಗಿತ್ತು, ಒಂದು ಸಲವೂ ತಪ್ಪಿರಲಿಲ್ಲ.

ನನಗೆ ಮೇಲೆ ಕೂತು ಕೂತು ಬೇಸರವಾಗಿ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೆಳಗಿಳಿಯಲು ಶುರು ಮಾಡಿದೆ. ಮೇಸ್ತ್ರಿಗೆ ಇಷ್ಟವಿರಲಿಲ್ಲ. ಹೆಂಗಸರು ಯಾರ್ಡಿಗೆ ಬಂದರೆ ಕೆಲಸ ಕೆಡುತ್ತದೆ ಎಂದು ನನಗೆ ಕೇಳಿಸುವಂತೆಯೇ ಗೊಣಗುತ್ತಿದ್ದರು. ಬುಡದಣ್ಣ ಅದಕ್ಕೆ ಸೊಪ್ಪು ಹಾಕಲಿಲ್ಲ. ಮೊದಲ ವಾರ ‘ಮೇಡಂ’ ಅಂದರು. ಎರಡನೇ ವಾರ ‘ಗೆರೆಯಮ್ಮ’ ಅಂದರು. ಅದೇ ನಿಂತಿತು.

“ಗಂಟು ನೋಡು, ಗೆರೆಯಮ್ಮ. ಗಂಟು ಅಂದ್ರೆ ಕೊಂಬೆ ಇದ್ದ ಜಾಗ. ಕೊಂಬೆ ಮೇಲಕ್ಕೇ ತಾನೆ ಹೋಗೋದು? ಹಾಗಾಗಿ ಗಂಟು ಯಾವ ಕಡೆ ಮೂತಿ ಮಾಡಿದೆಯೋ ಆ ಕಡೆ ತಲೆ.”

“ಗಂಟೇ ಇಲ್ದಿದ್ರೆ?”

“ಈ ಕೋಲಿನ ಮೇಲೆ ನಡುವಿಗೆ ಸರಿಯಾಗಿ ಇಡು. ಬುಡ ಯಾವತ್ತೂ ಭಾರ, ಕೆಳಗೆ ಬಾಗುತ್ತೆ. ಮನುಷ್ಯರಲ್ಲೂ ಅಷ್ಟೇ, ನಮ್ಮ ಮೇಸ್ತ್ರಿ ಬೆಂಚಿನ ಮೇಲೆ ಕೂತಾಗ ಗಮನಿಸು.”

ಮೇಸ್ತ್ರಿ ಕೈಯಲ್ಲಿದ್ದ ಮರದ ಚಕ್ಕೆ ಎಸೆದರು. ಬುಡದಣ್ಣ ಅದನ್ನು ಹಿಡಿದು, ತಿರುಗಿಸಿ ನೋಡಿ, “ಇದರ ತಲೆ ಈ ಕಡೆ,” ಅಂದರು.

ಹೀಗೆ ಒಂದು ವರ್ಷ ಕಲಿತೆ. ವಾರಕ್ಕೊಮ್ಮೆ ಇಪ್ಪತ್ತು ತುಂಡು ಸಾಲಾಗಿಟ್ಟು ಪರೀಕ್ಷೆ ಮಾಡುತ್ತಿದ್ದರು. ಮೊದಲು ಹನ್ನೊಂದು ಸರಿ ಬಂತು. (“ಕಣ್ಣು ಮುಚ್ಚಿ ಹೇಳಿದ್ರೂ ಹತ್ತು ಬರ್ತಿತ್ತು,” ಅಂದರು.) ಕೊನೆಗೆ ಇಪ್ಪತ್ತಕ್ಕೆ ಇಪ್ಪತ್ತು ಬಂದ ದಿನ ನಾನು ಹೊಟ್ಟಿನ ರಾಶಿಯ ಮೇಲೆ ಹಾರಿ ಕುಣಿದದ್ದು ನನಗೆ ಚೆನ್ನಾಗಿ ನೆನಪಿದೆ. ಜೀವನದಲ್ಲಿ ಆಮೇಲೆ ಎಷ್ಟೋ ಸರ್ಟಿಫಿಕೇಟು ಬಂದವು, ಯಾವುದಕ್ಕೂ ಕುಣಿದಿಲ್ಲ.

ಈಗ ಅವರ ಮನೆಯ ವಿಷಯ ಹೇಳಬೇಕು. ಅದಕ್ಕೇ ಇಷ್ಟೆಲ್ಲ ಶುರು ಮಾಡಿದ್ದು.

ಬುಡದಣ್ಣ ಇದ್ದದ್ದು ಬಾಡಿಗೆಯ ಎರಡು ಕೋಣೆಗಳಲ್ಲಿ, ಸಿಮೆಂಟ್ ಶೀಟಿನ ಸೂರು. ಊರಿಗೆಲ್ಲ ಮರದ ಮನೆ ಮಾಡಿಕೊಡುವವರ ಮನೆಯಲ್ಲಿ ಮರ ಅಂತ ಇದ್ದದ್ದು ಒಂದು ಮಣೆ, ಒಂದು ಬಾಗಿಲು. ಅವರ ಹೆಂಡತಿ ಬಟ್ಟೆ ಹೊಲಿಯುತ್ತಿದ್ದರು. ಬುಡದಣ್ಣ ನನಗೆ ಅಣ್ಣನಾದ ಮೇಲೆ ಅವರು ಅತ್ತಿಗೆ. ಹೊಲಿಗೆ ಮಿಷನ್ನಿಗೆ ಕೋಣೆಯಲ್ಲಿ ಜಾಗವಿಲ್ಲದೆ ನಡುದಾರಿಯಲ್ಲಿ ಇಟ್ಟುಕೊಂಡಿದ್ದರು. ಅಲ್ಲಿ ಕಿಟಕಿ ಇಲ್ಲ. ಹಾಡುಹಗಲಲ್ಲೂ ಟ್ಯೂಬ್‌ಲೈಟ್ ಹಾಕಿಕೊಂಡು, ಸೂಜಿಗೆ ದಾರ ಪೋಣಿಸುವಾಗ ಮಾತ್ರ ಎದ್ದು ಬಾಗಿಲ ಬಳಿ ಹೋಗಿ ಬರುತ್ತಿದ್ದರು. ಹೋಗಿ ಬರುವಾಗಲೆಲ್ಲ ಒಂದು ಮಾತು: “ನಮ್ಮ ಮನೇಲಿ ಮಿಷನ್ನಿನ ಎಡಕ್ಕೇ ಕಿಟಕಿ.”

‘ನಮ್ಮ ಮನೆ’ ಅಂದರೆ ಇನ್ನೂ ಕಟ್ಟದ ಮನೆ. ಊರಾಚೆ ಒಂದು ಸಣ್ಣ ಜಾಗ ಅವರಿಗಿತ್ತು. ಪೆನ್ಸಿಲ್ ಸಾರ್ ಎಂದೋ ಖುಷಿಯಲ್ಲಿದ್ದಾಗ, “ಪ್ರತಿ ಮನೆ ಮುಗಿದಾಗ ಉಳಿದ ಮರದಲ್ಲಿ ಒಂದು ಕಂಬ ನಿನ್ನದು, ನೀನೇ ಆರಿಸ್ಕೋ,” ಅಂದಿದ್ದರು. ಎಲ್ಲ ಮನೆಯಲ್ಲೂ ಕಂಬದಷ್ಟು ಉದ್ದದ ಮರ ಉಳಿಯುವುದಿಲ್ಲ. ವರ್ಷಕ್ಕೆ ಒಂದು ಸಿಕ್ಕರೆ ಪುಣ್ಯ. ಬುಡದಣ್ಣ ಹನ್ನೆರಡು ವರ್ಷದಿಂದ ಒಂದೊಂದೇ ಕೂಡಿಸಿ, ಯಾರ್ಡಿನ ಹಿಂಭಾಗದಲ್ಲಿ ತಗಡಿನ ಸೂರಿನಡಿ, ಗಾಳಿಯಾಡಲೆಂದು ನಡುವೆ ಪಟ್ಟಿ ಕೊಟ್ಟು ಜೋಡಿಸಿದ್ದರು. ಭಾನುವಾರ ಗಂಡ ಹೆಂಡತಿ ಇಬ್ಬರೂ ಬಂದು ಅವನ್ನು ತಿರುಗಿಸಿ ಹಾಕಿ ಹೋಗುತ್ತಿದ್ದರು. ಎಲ್ಲ ಕಡೆಯೂ ಒಂದೇ ಸಮ ಒಣಗಬೇಕಲ್ಲ. ಅತ್ತಿಗೆಗೆ ಒಂದೊಂದು ಕಂಬವೂ ಗುರುತಿತ್ತು. ಇದು ಡಾಕ್ಟರ ಮನೆಯದು, ಇದು ಅವಳಿ ಮಕ್ಕಳ ಮನೆಯದು, ಇದು ಬಾಗಿಲು ದೊಡ್ಡದಾಯಿತೆಂದು ಜಗಳ ತೆಗೆದವರ ಮನೆಯದು.

ಆ ಮನೆಯ ನಕ್ಷೆ ಬರೆದವಳು ನಾನೇ. ಎರಡು ಕೋಣೆ, ಒಂದು ಜಗುಲಿ, ಹನ್ನೆರಡು ಕಂಬ. ಅತ್ತಿಗೆ ಕಿಟಕಿಯನ್ನು ಮೂರು ಸಲ ಸರಿಸಿದರು. ಪೆನ್ಸಿಲ್ ಸಾರ್ ಮುಂದೆ ಕೂತು ದುಡ್ಡಿರುವವರು ಹೀಗೆ ಸರಿಸಿದರೆ ನನಗೆ ಮೈ ಉರಿಯುತ್ತಿತ್ತು. ಅತ್ತಿಗೆ ಸರಿಸಿದಾಗ ಇನ್ನೊಂದು ಸಲ ಸರಿಸಲಿ ಅನಿಸುತ್ತಿತ್ತು. ಆ ಹೊತ್ತಿಗೆ ಹನ್ನೊಂದು ಕಂಬ ಕೂಡಿದ್ದವು. “ಇನ್ನೊಂದೇ ಒಂದು. ಮುಂದಿನ ವರ್ಷ ಈ ಹೊತ್ತಿಗೆ ನಿಂಗೆ ಜಗುಲಿ ಮೇಲೆ ಟೀ,” ಅಂದಿದ್ದರು ಬುಡದಣ್ಣ.

ಆಗಲೇ ಲೈಬ್ರರಿ ಮೇಡಂ ಮನೆಯ ಕೆಲಸ ನಡೆಯುತ್ತಿತ್ತು. ಜೀವಮಾನವಿಡೀ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹೆಂಗಸು, ಒಂಟಿ. ಅವರಿಗೆ ಬೇಕಾಗಿದ್ದದ್ದು ಓದುವ ಕೋಣೆ. ಅದರ ಸುತ್ತ ಅಡುಗೆಮನೆ, ಮಲಗುವ ಮನೆ ಎಲ್ಲಾದರೂ ಇರಲಿ ಅಂದಿದ್ದರು. ಓದುವ ಕೋಣೆಗೆ ಹತ್ತು ತೇಗದ ಕಂಬ. ಅವರ ಬಾಡಿಗೆ ಮನೆಯ ಅವಧಿ ಮುಗಿಯಲು ಒಂದೂವರೆ ತಿಂಗಳಿತ್ತು, ಅಷ್ಟರಲ್ಲಿ ಮನೆ ನಿಲ್ಲಬೇಕಿತ್ತು.

ಸರಿಯಾಗಿ ಆ ಹತ್ತು ಕಂಬ ಗುರುತಿಗೆ ಬಂದಾಗ ಬುಡದಣ್ಣನಿಗೆ ಫೋನ್ ಬಂತು. ಬೇರೆ ಊರಲ್ಲಿದ್ದ ಮಗಳಿಗೆ ಹೆರಿಗೆ ನೋವು, ದಿನಕ್ಕಿಂತ ಮೊದಲೇ. ಗಂಡ ಹೆಂಡತಿ ಇಬ್ಬರೂ ಹೊರಟರು. ಹೊರಡುವ ಮುಂಚೆ ಬುಡದಣ್ಣ ಮೆಟ್ಟಿಲ ಬುಡದಲ್ಲಿ ನಿಂತು ನನ್ನ ಕರೆದರು. ಜೇಬಿನಿಂದ ಕಡ್ಡಿ ತೆಗೆದು ಕೈಗಿಟ್ಟರು.

“ಮೂರು ದಿನ ನೀನು ನೋಡ್ಕೋ. ಗಂಟು ನೋಡು, ಕೋಲಿನ ಮೇಲೆ ತೂಗು, ಅನುಮಾನ ಬಂದ್ರೆ ಇನ್ನೊಂದ್ಸಲ ತೂಗು. ಗೊತ್ತಾದ್ಮೇಲೆ ಒಂದು ತ ಹಾಕು, ಸಾಕು.”

“ನಾನಾ? ಮೇಸ್ತ್ರಿ ಸುಮ್ನಿರ್ತಾರಾ ಅಣ್ಣಾ?”

“ಗುರುತು ನಾನೇ ಹಾಕಿ ಹೋಗ್ತೀನಿ, ನೀನು ಒಂದ್ಸಲ ತೂಗಿ ನೋಡ್ತೀಯ ಅಷ್ಟೇ ಅಂತ ಅವನಿಗೆ ಹೇಳಿದೀನಿ. ನೀನು ತ ಹಾಕು, ಅವನು ಉಳಿ ಹಾಕ್ತಾನೆ.”

ಎರಡು ದಿನ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಹತ್ತು ಕಂಬ ನೋಡಿದೆ. ಒಂದೊಂದನ್ನೂ ಮೂರು ಸಲ ತೂಗಿದೆ. ಇಬ್ಬರು ಬಡಗಿಗಳು ಎತ್ತಿ ಇಳಿಸಿ ಸುಸ್ತಾಗಿ ನನಗೆ ಶಾಪ ಹಾಕಿರಬೇಕು. ಹತ್ತಕ್ಕೆ ಹತ್ತೂ ಬುಡ ಯಾವುದೆಂದು ಸರಿಯಾಗಿಯೇ ಹಿಡಿದೆ. ಇವತ್ತಿಗೂ ಆ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಹಿಡಿದು, ಆ ಬುಡದ ತುದಿಗೆ ಸ್ಪಷ್ಟವಾಗಿ, ನಕ್ಷೆಯ ಮೇಲೆ ಬರೆಯುವಂತೆ ದುಂಡಗೆ, ‘ತ’ ಎಂದು ಬರೆದೆ.

ಯಾಕೆಂದರೆ ಮೇಲೆ, ನಮ್ಮ ಮಹಡಿಯಲ್ಲಿ, ‘ಮೇ’ ಅಂದರೆ ಮೇಲೆ, ‘ತ’ ಅಂದರೆ ತಳ. ಎರಡು ವರ್ಷದಿಂದ ದಿನಕ್ಕೆ ನೂರು ಸಲ ಬರೆದ ಅಕ್ಷರ. ಕೆಳಗೆ ಯಾರ್ಡಿನಲ್ಲಿ ‘ತ’ ಅಂದರೆ ತಲೆ. ಬುಡಕ್ಕೆ ಅವರು ಗುರುತೇ ಹಾಕುತ್ತಿರಲಿಲ್ಲ, ನೆಲದ ತೇವಕ್ಕೆ ಅಳಿಸಿಹೋಗುತ್ತದೆಂದು. ಒಂದು ವರ್ಷ ಅವರ ಜೊತೆ ತಿರುಗಿದ್ದೆ; ಕಣ್ಣೆಲ್ಲ ಗಂಟಿನ ಮೇಲೆ, ಕೋಲಿನ ಮೇಲೆ. ಕೊನೆಗೆ ಅವರು ಯಾವ ತುದಿಗೆ ಅಕ್ಷರ ಬರೆಯುತ್ತಾರೆಂದು ನಾನು ನೋಡಿಯೇ ಇರಲಿಲ್ಲ. ಹದಿನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಒಂದು ಅಕ್ಷರ ತಲೆಕೆಳಗಾಗುತ್ತದೆ ಎಂದು ಯಾರಿಗೆ ತಾನೆ ಹೊಳೆಯಬೇಕು?

ಮೇಸ್ತ್ರಿ ‘ತ’ ಇದ್ದ ತುದಿಗೆ ತೊಲೆ ಕೂರುವ ಕಚ್ಚು ಕೊರೆಸಿದರು. ಇನ್ನೊಂದು ತುದಿಗೆ ಕಲ್ಲಿನ ಕುಳಿಯಲ್ಲಿ ಕೂರುವ ಗೂಟ ಕೆತ್ತಿಸಿದರು. ಉದ್ದ ಅಳತೆಗೆ ಸರಿಯಾಗಿ ಕತ್ತರಿಸಿಯೂ ಆಯಿತು. ಇನ್ನು ತಿರುಗಿಸಿ ಕೆತ್ತಲು ಒಂದು ಬೆರಳಷ್ಟೂ ಮರ ಮಿಕ್ಕಿರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಬುಡದಣ್ಣ ಬಂದರು. ಅಜ್ಜನಾಗಿದ್ದರು, ಮುಖ ಅರಳಿತ್ತು. ಸಾಲಾಗಿ ಮಲಗಿಸಿದ್ದ ಕಂಬಗಳ ಪಕ್ಕ ನಡೆದುಕೊಂಡು ಹೋದರು. ಮೂರನೆಯದರ ಹತ್ತಿರ ನಿಂತರು. ಬಗ್ಗಿ ಗಂಟಿನ ಮೇಲೆ ಹೆಬ್ಬೆರಳು ಆಡಿಸಿದರು. ಮೊದಲನೆಯದಕ್ಕೆ ವಾಪಸು ಬಂದರು. ಆಮೇಲೆ ಹತ್ತನೆಯದರವರೆಗೆ ಒಂದೊಂದನ್ನೂ ಮುಟ್ಟುತ್ತ ಹೋದರು. ನಾನು ಶಭಾಷ್ ಅನ್ನಿಸಿಕೊಳ್ಳಲು ಹಲ್ಲು ಕಿರಿದುಕೊಂಡು ನಿಂತಿದ್ದೆ.

“ಗೆರೆಯಮ್ಮ,” ಅಂದರು ಮೆಲ್ಲಗೆ. “ತ ಅಂದ್ರೆ ಏನು?”

“ತಳ,” ಅಂದೆ. ಅವರ ಮುಖ ನೋಡಿಯೇ ಎಲ್ಲ ಅರ್ಥವಾಯಿತು.

ಅವರು ಕೂಗಾಡಲಿಲ್ಲ. ಹೆಗಲ ಮೇಲಿದ್ದ ಟವೆಲನ್ನು ಬಕೆಟ್ ನೀರಿನಲ್ಲಿ ಅದ್ದಿ ನನ್ನ ಹತ್ತೂ ‘ತ’ಗಳನ್ನು ಒರೆಸಿದರು. ಜೇಬಿನಲ್ಲಿದ್ದ ಇನ್ನೊಂದು ಕಡ್ಡಿ ತೆಗೆದು ಅದೇ ತುದಿಗಳಿಗೆ ತಮ್ಮ ಸೊಟ್ಟ ಅಕ್ಷರದಲ್ಲಿ ‘ತ’ ಬರೆದರು. ಅವರು ಏನು ಮಾಡುತ್ತಿದ್ದಾರೆಂದು ತಿಳಿಯುವ ಹೊತ್ತಿಗೆ ಪೆನ್ಸಿಲ್ ಸಾರ್ ಕೆಳಗಿಳಿದು ಬಂದಾಗಿತ್ತು, ಮೇಸ್ತ್ರಿಯೂ ಟೀ ಮುಗಿಸಿ ಬಂದಿದ್ದರು.

“ಸಾರ್, ಒಂದು ತಪ್ಪಾಗಿದೆ. ಹೋಗೋ ಮುಂಚೆ ಅವಸರದಲ್ಲಿ ನಾನೇ ಗುರುತು ಹಾಕಿದ್ದೆ, ಮಗಳ ಚಿಂತೆ ನೋಡಿ. ಹತ್ತೂ ತಿರುಗುಮುರುಗು ಆಗಿದೆ.”

ನಾನು ಬಾಯಿ ತೆರೆದೆ. “ಗೆರೆಯಮ್ಮ, ಮೇಲೆ ಹೋಗಿ ಆ ಓದೋ ಕೋಣೆ ನಕ್ಷೆ ತಗೊಂಡು ಬಾ,” ಎಂದು ಅವರು ಜೋರಾಗಿ ಅಂದರು. ನಕ್ಷೆ ಅಲ್ಲೇ ಯಾರ್ಡಿನ ಮೇಜಿನ ಮೇಲಿತ್ತು. ಆದರೂ ನಾನು ಮೆಟ್ಟಿಲು ಹತ್ತಿದೆ. ಹತ್ತಬಾರದಿತ್ತು. ಹೇಡಿತನಕ್ಕೆ ಬೇರೆ ಹೆಸರಿಡಲು ನನಗೆ ಇಷ್ಟವಿಲ್ಲ.

ನಾನು ಇಳಿದು ಬರುವಾಗ ಪೆನ್ಸಿಲ್ ಸಾರ್ ತಲೆಯ ಮೇಲೆ ಕೈಯಿಟ್ಟುಕೊಂಡಿದ್ದರು. “ನಿಲ್ಲಿಸಿಬಿಡೋಣ ಅಲ್ವಾ? ಬಣ್ಣ ಬಳಿದ ಮೇಲೆ ದೇವರಿಗೂ ಗೊತ್ತಾಗಲ್ಲ. ಅವರು ಮನೆ ಖಾಲಿ ಮಾಡೋ ದಿನ ಹತ್ರ ಬಂತು.”

“ಗೊತ್ತಾಗಲ್ಲ, ನಿಜ,” ಅಂದರು ಬುಡದಣ್ಣ. “ಆದ್ರೂ ಹತ್ತು ಜನ ತಲೆಕೆಳಗಾಗಿ ನಿಂತಿದ್ರೆ ಅವರ ಮಧ್ಯೆ ಕೂತ್ಕೊಂಡು ಪುಸ್ತಕ ಓದೋಕಾಗುತ್ತಾ ಸಾರ್, ಹೇಳಿ?”

ಮೇಸ್ತ್ರಿಗೆ ನಗು ಬಂತು, ಸಾರ್‌ಗೆ ಬರಲಿಲ್ಲ. “ಒಣಗಿದ ಮರ ಎಲ್ಲಿದೆ? ಹತ್ತು ಕಂಬ ಮೇಲಿಂದ ಉದುರುತ್ತಾ?”

“ಹಿಂದುಗಡೆ ಇದೆಯಲ್ಲ.”

ಹಿಂದುಗಡೆ ಯಾವ ಕಂಬಗಳಿವೆ ಎಂದು ಎಲ್ಲರಿಗೂ ಗೊತ್ತಿತ್ತು. “ಬೇಡ ಕಣಯ್ಯ,” ಅಂದರು ಮೇಸ್ತ್ರಿ, ಅದುವರೆಗೆ ಅವರ ಬಾಯಲ್ಲಿ ನಾನು ಕೇಳಿರದ ದನಿಯಲ್ಲಿ. ಪೆನ್ಸಿಲ್ ಸಾರ್, “ನಿನಗೆ ಹತ್ತಕ್ಕೆ ಹತ್ತು ವಾಪಸ್ ಕೊಡ್ತೀನಿ, ಮಾತು,” ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಕಂಬದಷ್ಟು ದಪ್ಪ ಮರ ಒಣಗಲು ವರ್ಷಗಟ್ಟಲೆ ಬೇಕು ಎಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಬುಡದಣ್ಣನೇ. ಅವತ್ತು ಮಧ್ಯಾಹ್ನವೇ ಡಾಕ್ಟರ ಮನೆಯ ಕಂಬ, ಅವಳಿ ಮಕ್ಕಳ ಮನೆಯ ಕಂಬ, ಎಲ್ಲ ಮುಂದಕ್ಕೆ ಬಂದವು. ಅವುಗಳ ಮೇಲೆ ಉಳಿ ಬೀಳುವ ಸದ್ದು ಮಹಡಿಗೆ ಕೇಳಿಸುತ್ತಿತ್ತು. ನಾನು ಸ್ಕೇಲು ಹಿಡಿದು ಒಂದು ಗೆರೆಯನ್ನೂ ಎಳೆಯದೆ ಕೂತಿದ್ದೆ.

ಸಂಜೆ ಅವರು ಸೈಕಲ್ ತೆಗೆಯುವಾಗ ಗೇಟಿನ ಹತ್ತಿರ ಹಿಡಿದೆ. ಬಿಕ್ಕುತ್ತಿದ್ದೆ. ನಾಳೆ ಸಾರ್‌ಗೆ ಎಲ್ಲ ಹೇಳಿಬಿಡುತ್ತೇನೆ ಅಂದೆ.

“ಹೇಳಿ ಏನು ಮಾಡ್ತೀಯ? ನಿನ್ನ ಯಾರ್ಡಿಗೆ ಬಿಡೋದು ನಿಲ್ಲಿಸ್ತಾರೆ. ನಿನ್ನನ್ನಲ್ಲ, ಇನ್ನು ಮುಂದೆ ಬರೋ ಯಾವ ಹೆಣ್ಣುಮಗಳನ್ನೂ ಬಿಡಲ್ಲ. ಮೇಸ್ತ್ರಿಗೆ ಅಷ್ಟೇ ಬೇಕು. ತ ಅಂದ್ರೆ ಏನು ಅಂತ ನಾನು ನಿಂಗೆ ಹೇಳ್ಕೊಟ್ಟಿದ್ನಾ? ಇಲ್ಲ. ಅರ್ಧ ಹೇಳ್ಕೊಟ್ಟವನು ನಾನು, ಅರ್ಧ ಕಲಿತವಳು ನೀನು. ಬಿಡು.”

“ಅತ್ತಿಗೆಗೆ? ಅತ್ತಿಗೆಗೆ ಏನ್ ಹೇಳ್ಲಿ ಅಣ್ಣಾ?”

“ಅದು ಗಂಡ ಹೆಂಡ್ತಿ ವಿಷಯ, ನೀನು ಬಾಯಿ ಹಾಕ್ಬೇಡ. ಅವಳಿಗೆ ನಾನು ಹೇಳ್ತೀನಿ.” ಸೈಕಲ್ ಹತ್ತಿ ಹೋದರು.

ನಾಲ್ಕು ತಿಂಗಳು ನಾನು ಅವರ ಮನೆಯ ಕಡೆ ತಲೆ ಹಾಕಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಕೊನೆಗೊಂದು ದಿನ ಧೈರ್ಯ ಮಾಡಿ ಹೋದೆ. ಅತ್ತಿಗೆ ಬಾಗಿಲು ತೆಗೆದು, “ಏನೇ, ದಾರಿ ಮರೆತು ಹೋಗಿತ್ತಾ?” ಎಂದು ಕೈ ಹಿಡಿದು ಒಳಗೆ ಎಳೆದುಕೊಂಡರು. ಮೊದಲಿನ ಹಾಗೇ ಟೀ ಮಾಡಿದರು, ನನ್ನ ಕುಪ್ಪಸದ ತೋಳು ಸಡಿಲವಾಗಿದೆಯೆಂದು ಅಲ್ಲೇ ಬಿಚ್ಚಿ ಹೊಲಿದುಕೊಟ್ಟರು. ಕಿಟಕಿಯ ಮಾತು ಮಾತ್ರ ಎತ್ತಲಿಲ್ಲ. ಎಂಥ ದೊಡ್ಡ ಮನಸ್ಸು ಇವರದು, ನನ್ನ ತಪ್ಪನ್ನು ಹೀಗೆ ಹೊಟ್ಟೆಗೆ ಹಾಕಿಕೊಂಡಿದ್ದಾರಲ್ಲ ಎಂದುಕೊಂಡು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ.

ಆಮೇಲಿನ ವರ್ಷಗಳು ಒಂದರ ಮೇಲೊಂದು ಸರಿದವು. ಸಾರ್ ಮಾತು ಕೊಟ್ಟಿದ್ದ ಹತ್ತರಲ್ಲಿ ಬುಡದಣ್ಣನಿಗೆ ಮೂರು ಕಂಬ ಸೇರಿದವು, ಅಷ್ಟೇ. ಅಷ್ಟರಲ್ಲಿ ಕಾರ್ಖಾನೆಯಿಂದ ಪಟ್ಟಿ ಅಂಟಿಸಿ ಮಾಡಿದ ಕಂಬಗಳು ಬರತೊಡಗಿದವು. ಅಳತೆ ಹೇಳಿದರೆ ಸಾಕು, ಸೀಳು ಬಿಡುವುದಿಲ್ಲ, ಸೊಟ್ಟಗಾಗುವುದಿಲ್ಲ, ಒಣಗಲೆಂದು ಕಾಯಬೇಕಾಗಿಲ್ಲ. ಮೊದಲ ಲೋಡು ಬಂದ ದಿನ ಬುಡದಣ್ಣ ಒಂದನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. “ಇದಕ್ಕೆ ಎಷ್ಟು ತಲೆ ಗೆರೆಯಮ್ಮ?” ಅಂದರು. ಹನ್ನೆರಡು ಪಟ್ಟಿ ಅಂಟಿಸಿದ್ದಾರೆ ಅಂದೆ. “ಹಾಗಾದ್ರೆ ಆರು ಜನ ನೆಟ್ಟಗೆ, ಆರು ಜನ ತಲೆಕೆಳಗೆ. ಕಾಗದದಲ್ಲಿ ಆ ಕೊನೇ ಸಾಲು ತೆಗಿಸಿಬಿಡು,” ಎಂದು ನಕ್ಕರು. ಸಾರ್ ನಿಜವಾಗಿಯೂ ಆ ಸಾಲು ತೆಗೆಸಿದರು. ಅದರ ಮುಂದಿನ ವರ್ಷ ಬುಡದಣ್ಣ ನಿವೃತ್ತರಾದರು. ಊರಾಚೆಯ ಜಾಗ ಮಗಳ ಪಾಲಿಗೆ ಹೋಯಿತು. ಅವರಿಬ್ಬರೂ ಅದೇ ಎರಡು ಕೋಣೆಯಲ್ಲಿ ಉಳಿದರು.

ನಾನು ತಿಂಗಳಿಗೊಮ್ಮೆ ತಪ್ಪದೆ ಹೋಗುತ್ತಿದ್ದೆ. ಬುಡದಣ್ಣ ಕನ್ನಡಕ ಎಲ್ಲೋ ಇಟ್ಟು ಹುಡುಕಿದರೆ ಅತ್ತಿಗೆ, “ತ ಹಾಕಿಟ್ಕೊಳ್ಳಿ ಅದಕ್ಕೂ,” ಅನ್ನುತ್ತಿದ್ದರು. ಸೂರು ಸೋರಿದರೆ, “ತ ಬರೆದವರೇ, ಪಾತ್ರೆ ಇಡಿ ಬನ್ನಿ,” ಅನ್ನುತ್ತಿದ್ದರು. ಹೇಳಿ ನನ್ನ ಕಡೆ ನೋಡಿ ನಗುತ್ತಿದ್ದರು. ಬುಡದಣ್ಣನೂ ನಗುತ್ತಿದ್ದರು. ಅದು ನನಗೆ ಕೊಡುವ ಮೆತ್ತಗಿನ ಪೆಟ್ಟು, ನನ್ನನ್ನೂ ತಮ್ಮವಳೆಂದು ಸೇರಿಸಿಕೊಂಡು ಮಾಡುವ ತಮಾಷೆ ಎಂದೇ ನಾನು ತಿಳಿದಿದ್ದೆ. ನಾಚಿಕೊಂಡು ನಾನೂ ನಗುತ್ತಿದ್ದೆ. ಹತ್ತೊಂಬತ್ತು ವರ್ಷ ನಾವು ಮೂವರೂ ಒಂದೇ ಮಾತಿಗೆ ಹೀಗೆ ನಕ್ಕೆವು.

ಬುಡದಣ್ಣ ಹೋದ ಮೇಲೆ ಮೂರನೇ ವಾರ ಅತ್ತಿಗೆಯನ್ನು ನೋಡಲು ಹೋದೆ. ಮಗಳು ಬಂದಿದ್ದವಳು ಹಿಂದಿನ ದಿನ ಹೊರಟಿದ್ದಳು. ಅತ್ತಿಗೆ ಒಬ್ಬರೇ ಮಿಷನ್ನಿನ ಮುಂದೆ ಕೂತು ಗಂಡನ ಅಂಗಿಗಳನ್ನು ಬಿಚ್ಚಿ ಮೊಮ್ಮಗನ ಅಳತೆಗೆ ಮಾಡುತ್ತಿದ್ದರು. ನಾನು ನೆಲದ ಮೇಲೆ ಕೂತು ಬಟನ್ನು ಬಿಡಿಸಿಕೊಡುತ್ತಿದ್ದೆ.

“ಒಳ್ಳೇ ಮನುಷ್ಯ ಕಣೇ,” ಅಂದರು ತಲೆಯೆತ್ತದೆ. “ಮೂವತ್ತು ವರ್ಷ ಒಂದು ಮರದ ವಿಷಯದಲ್ಲೂ ತಪ್ಪಲಿಲ್ಲ. ತಪ್ಪಿದ್ದು ಒಂದೇ ಸಲ. ಅದೂ ನಮ್ಮ ಮನೇನೇ ಕೊಂಡೊಯ್ತು ನೋಡು.”

ನಾನು ಬಟನ್ನು ಬಿಡಿಸುವುದನ್ನು ಬಿಟ್ಟು ಅವರ ಮುಖ ನೋಡಿದೆ.

ಅವರಿಗೆ ಗೊತ್ತಿರಲಿಲ್ಲ. ಹೇಳುತ್ತೇನೆ ಅಂದವರು ಹೇಳಿಯೇ ಇರಲಿಲ್ಲ. ಅಷ್ಟು ವರ್ಷ ನನಗೆ ಕೊಟ್ಟ ಟೀ, ಹೊಲಿದುಕೊಟ್ಟ ತೋಳು, ಯಾವುದೂ ಕ್ಷಮೆಯಲ್ಲ. ಕ್ಷಮಿಸಲು ಏನಿದೆ ಎಂದೇ ತಿಳಿಯದವರ ಪ್ರೀತಿ ಅದು. ಸುಮ್ಮನಿದ್ದುಬಿಡು ಎಂದು ನನ್ನ ಒಳಗಿನ ಹಳೆಯ ಹೇಡಿ ಎದ್ದು ಕೂತಳು. ಆಕೆ ಇನ್ನೂ ಸತ್ತಿರಲಿಲ್ಲ. ಹೋದವರು ಹೋದರು, ಈ ವಯಸ್ಸಿನ ಹೆಂಗಸಿನ ಮನಸ್ಸು ಯಾಕೆ ಕದಡುತ್ತೀ ಅಂದಳು. ಆದರೆ ಬುಡದಣ್ಣನ ಹೆಸರಿಗೆ ಅಂಟಿದ ಆ ಒಂದು ತಪ್ಪು ಇನ್ನು ನನ್ನ ಬಾಯಿ ಬಿಟ್ಟರೆ ಬೇರೆ ಯಾರಿಂದಲೂ ಒರೆಸಲಾಗದು.

“ಅತ್ತಿಗೆ, ಅದು ಅವರ ತಪ್ಪಲ್ಲ,” ಅಂದೆ. ಹೇಳಿದೆ. ಕಡ್ಡಿ ಕೈಗಿಟ್ಟದ್ದು, ಬುಡ ಸರಿಯಾಗಿ ಹಿಡಿದದ್ದು, ಅಕ್ಷರ ಬರೆದದ್ದು, ಒದ್ದೆ ಟವೆಲು, ಮಹಡಿಯಲ್ಲಿ ಇಲ್ಲದ ನಕ್ಷೆ ತರಲು ನಾನು ಮೆಟ್ಟಿಲು ಹತ್ತಿದ್ದು, ಎಲ್ಲ.

ಮಿಷನ್ನು ನಿಂತಿತ್ತು. “ನೀನು ತಳ ಅಂದ್ಕೊಂಡ್ಯಾ?” ಅಂದರು.

“ಹೂಂ.”

“ಅವರು ತಲೆ ಅಂತ ಬರೀತಿದ್ರು.”

“ಹೂಂ.”

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕೈಯಲ್ಲಿದ್ದ ಅಂಗಿಯನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದರು.

“ನಿನ್ನ ಮುಂದೆ ತಮಾಷೆಗೆ ಅಂತಿದ್ದೆ,” ಅಂದರು ಕೊನೆಗೆ. “ನೀನು ಇಲ್ದಾಗ ತಮಾಷೆ ಇರ್ಲಿಲ್ಲ. ಏನೇ ಜಗಳ ಆಗ್ಲಿ, ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಶುರುವಾಗಿರ್ಲಿ, ನಂದು ಕೊನೇ ಮಾತು ಅದೇ. ನೀವು ತಪ್ಪದೇ ಇದ್ದಿದ್ರೆ ನಂಗೊಂದು ಮನೆ ಇರ್ತಿತ್ತು. ಅಷ್ಟು ಅಂದ್ರೆ ಸಾಕು, ಬಾಯಿ ಮುಚ್ಕೊಂಡು ಎದ್ದು ಹೋಗ್ತಿದ್ರು. ಹತ್ತೊಂಬತ್ತು ವರ್ಷ ಕಣೇ. ಪ್ರತಿ ಸಲ ನಾನೇ ಗೆದ್ದೆ ಅಂದ್ಕೊಳ್ತಿದ್ದೆ.”

ನಾನು ಅವರ ಮೊಣಕಾಲಿನ ಮೇಲೆ ತಲೆಯಿಟ್ಟೆ. ಅವರು ನನ್ನನ್ನು ಮುಟ್ಟಲಿಲ್ಲ, ಏಳು ಅಂತಲೂ ಅನ್ನಲಿಲ್ಲ.

“ಒಂದ್ಸಲ, ಒಂದೇ ಒಂದ್ಸಲ ತಿರುಗಿ ಹೇಳಿದ್ರೆ ಏನಾಗ್ತಿತ್ತು?” ಎಂದು ಬಾಗಿಲ ಕಡೆ ನೋಡುತ್ತ ಕೇಳಿದರು. “ನಾನು ಸೋಲ್ತಿದ್ನಲ್ಲ.”